ಹೆಚ್ಚಿದ ಕನ್ನಡಿ

ಆಳಂದದ ಅಂಗಡಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಬೆರಳಾಡಿಸುತ್ತಿದ್ದೆ. ಅಂಗಡಿಯವರಿಗೆ ಗಾಬರಿಯಾಯಿತು. “ಮೇಡಮ್ರ, ತಲಿ ತಿರಗಾಕತ್ತದೇನ್ರಿ? ಕುಂದರ್ರಿ, ನೀರ ಕುಡೀರಿ,” ಎಂದು ಸ್ಟೂಲು ಮುಂದೆ ತಳ್ಳಿದರು.

“ತಲೆ ಸರಿಯಾಗೇ ಇದೆ. ಎಫ್ ಅಕ್ಷರದ ಮೇಲೆ ಉಬ್ಬು ಗೀಟು ಇದೆಯಾ ಅಂತ ನೋಡ್ತಿದೀನಿ,” ಎಂದೆ.

“ಗೀಟ್ ಬಿಡ್ರಿ, ಒಮ್ಮೆ ಈ ಡಿಸ್‌ಪ್ಲೇ ನೋಡ್ರಿ. ಟಾಕೀಸ್ನ್ಯಾಗ ಕುಂತಂಗ ಅನಸ್ತದ.”

ನನ್ನ ಪಕ್ಕದಲ್ಲಿದ್ದ ಹುಡುಗಿ ವೇಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಅವಳಿಗೆ. ಅವಳಿಗೆ ಕಣ್ಣು ಕಾಣುವುದಿಲ್ಲ.

ನಾನು ಆಳಂದ ತಾಲ್ಲೂಕಿನಲ್ಲಿ ವಿಶೇಷ ಶಿಕ್ಷಕಿ. ಊರು ತುಮಕೂರಿನ ಕಡೆ, ಕೆಲಸ ಇಲ್ಲಿ. ಈ ಹುಡುಗಿ ಸರಸಂಬಾದವಳು. ಹೈಸ್ಕೂಲಿನಲ್ಲಿದ್ದಾಗ ಅವಳ ದೃಷ್ಟಿ ಕ್ರಮೇಣ ಹೋಯಿತು. ಬ್ರೈಲ್, ಕೋಲು ಹಿಡಿದು ನಡೆಯುವುದು, ಕಂಪ್ಯೂಟರಿನಲ್ಲಿ ಕೇಳಿಸಿಕೊಂಡು ಟೈಪ್ ಮಾಡುವುದು, ಇವನ್ನೆಲ್ಲ ನನ್ನ ಹತ್ತಿರವೇ ಕಲಿತಳು. ಆಮೇಲೆ ಮನೆಯಲ್ಲೇ ಕೂತು ದೂರಶಿಕ್ಷಣದ ಡಿಗ್ರಿ ಮುಗಿಸಿದಳು. ಡಿಗ್ರಿ ಮುಗಿದ ಮೇಲೆ ಮಾತ್ರ ಎಲ್ಲಿ ಕೆಲಸ ಕೇಳಿದರೂ ಒಂದೇ ಪ್ರಶ್ನೆ: ದಿನಾ ನಿನ್ನನ್ನು ಕರೆದುಕೊಂಡು ಬರುವವರು ಯಾರು? ಅಪ್ಪ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಸೀಸನ್ನಿನಲ್ಲಿ ಮನೆಗೆ ಬರುವುದೇ ಅಪರೂಪ. ಅವ್ವನಿಗೆ ಮನೆಯ ಕೆಲಸ, ಹೊಲದ ಕೆಲಸ. ಹಾಗಾಗಿ ಹುಡುಗಿ ಮನೆಯಲ್ಲೇ ಉಳಿದಳು.

ಅಂಥದ್ದರಲ್ಲಿ ಬಸ್ಸು ಹತ್ತಬೇಕಿಲ್ಲದ ಕೆಲಸವೊಂದು ಬಂತು. ಕಲಬುರಗಿಯ ಸಂಸ್ಥೆಯೊಂದು ಈ ಭಾಗದ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಇಡುತ್ತಿತ್ತು. ಅದನ್ನು ಕೇಳಿ, ಆಡಿದ ಹಾಗೆಯೇ ಕನ್ನಡದಲ್ಲಿ ಟೈಪ್ ಮಾಡಿ ಕೊಡುವವರು ಅವರಿಗೆ ಬೇಕಿತ್ತು. ಮೊದಲು ಪರೀಕ್ಷೆಗೆಂದು ಒಂದು ಕಂತು ಧ್ವನಿಮುದ್ರಣ ಕೊಡುತ್ತಾರೆ. ತಿಂಗಳ ಕೊನೆಗೆ ಅದು ಸರಿಯಾಗಿ ಬಂದರೆ ಮನೆಯಿಂದಲೇ ಕಾಯಂ ಕೆಲಸ, ಬರದಿದ್ದರೆ ಬೇರೆಯವರಿಗೆ ಹೋಗುತ್ತದೆ. ಸ್ವಂತ ಕಂಪ್ಯೂಟರ್ ಇರಲೇಬೇಕು, ಫೋನಿನಲ್ಲಿ ಟೈಪ್ ಮಾಡಿದ್ದು ನಡೆಯುವುದಿಲ್ಲ. ಹುಡುಗಿ ತನಗೆ ಬರುವ ಅಂಗವಿಕಲರ ಪಿಂಚಣಿಯನ್ನು ಕೂಡಿಟ್ಟುಕೊಂಡಿದ್ದಳು. ಅದರಲ್ಲಿ ಹೊಸದಾದರೆ ತೀರಾ ಸಾದಾ ಯಂತ್ರ ಬರುತ್ತಿತ್ತು, ಹಳೆಯದಾದರೆ ತಕ್ಕಮಟ್ಟಿಗೆ ಒಳ್ಳೆಯದು.

ಅಂಗಡಿಯವರು ತೋರಿಸಿದ ಹೊಸದಕ್ಕೆ ನನ್ನ ಪೆನ್‌ಡ್ರೈವ್ ಹಾಕಿದೆ. ಅದರಲ್ಲಿ ಸ್ಕ್ರೀನ್ ರೀಡರ್ ಇತ್ತು. ಪರದೆಯ ಮೇಲೆ ಏನಿದೆ, ಯಾವ ಕೀಲಿ ಒತ್ತಿದೆವು ಎಂಬುದನ್ನು ಓದಿ ಹೇಳುವ ತಂತ್ರಾಂಶ ಅದು. ಹುಡುಗಿ ನಿಂತುಕೊಂಡೇ ತನ್ನ ಹೆಸರು ಟೈಪ್ ಮಾಡಿದಳು. ಬೆರಳು ಮೂರನೆಯ ಅಕ್ಷರಕ್ಕೆ ಹೋದಾಗ ಯಂತ್ರ ಮೊದಲನೆಯದನ್ನು ಹೇಳಿತು.

“ಇದು ತೊದಲ್ತದ್ರಿ ಮೇಡಮ್ರ,” ಎಂದಳು.

ತಪ್ಪು ಯಂತ್ರದ್ದಲ್ಲ, ಅದರೊಳಗಿನ ಕಡಿಮೆ ರ್‍ಯಾಮಿನದ್ದು. ಕಣ್ಣಿರುವವರಿಗೆ ಅಷ್ಟು ತಡ ಗೊತ್ತೂ ಆಗುವುದಿಲ್ಲ. ಕೇಳಿಸಿಕೊಂಡು ಟೈಪ್ ಮಾಡುವವರಿಗೆ ಅದು ಕಾಲಿಗೆ ಹಗ್ಗ ಕಟ್ಟಿ ಓಡಿಸಿದ ಹಾಗೆ. ಬೇಡ ಎಂದೆವು. ಅಂಗಡಿಯವರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಅಲ್ರಿ, ಇವ್ರಿಗಿ ಲ್ಯಾಪ್‌ಟಾಪ್ ತಗೊಂಡ್ ಏನ್ ಮಾಡೋದದ?” ಎಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಅವಳನ್ನೇ ಕೇಳಿ. ಕಣ್ಣು ಕಾಣಲ್ಲ, ಕಿವಿ ಕೇಳ್ಸುತ್ತೆ,” ಎಂದೆ. ಹುಡುಗಿ ನನ್ನ ತೋಳು ಎಳೆದುಕೊಂಡು ಹೊರಗೆ ನಡೆದಳು.

ದಾರಿಯಲ್ಲಿ ಚಹಾ ಕುಡಿಯುತ್ತ ನಮಗೆ ಬೇಕಾದುದನ್ನು ಬೆರಳು ಮಡಿಚಿ ಎಣಿಸಿದೆವು. ತಡವಿಲ್ಲದೆ ಉತ್ತರಿಸುವಷ್ಟು ರ್‍ಯಾಮ್. ಹಳೆಯ ತಿರುಗುವ ಡಿಸ್ಕ್ ಬೇಡ, ಎಸ್‌ಎಸ್‌ಡಿ ಬೇಕು. ಕೀಲಿಗಳು ಒಂದಕ್ಕೊಂದು ಬಿಡಿಬಿಡಿಯಾಗಿರಬೇಕು, ಬೆರಳಿಗೆ ಜಾಗ ಗೊತ್ತಾಗಲು ಎಫ್ ಮತ್ತು ಜೆ ಮೇಲೆ ಗೀಟು ಇರಬೇಕು. ಇಯರ್‌ಫೋನಿನ ತೂತು ಗಟ್ಟಿಯಾಗಿರಬೇಕು, ಯಾಕೆಂದರೆ ಎಡಗಿವಿಗೆ ಫೋನಿನಿಂದ ಮುದುಕರ ಮಾತು, ಬಲಗಿವಿಗೆ ಲ್ಯಾಪ್‌ಟಾಪಿನ ದನಿ ಇಟ್ಟುಕೊಂಡು ಅವಳು ಕೆಲಸ ಮಾಡುವುದು. ಕರೆಂಟು ಹೋದರೆ ಸ್ವಲ್ಪ ಹೊತ್ತಾದರೂ ಬ್ಯಾಟರಿ ನಿಲ್ಲಬೇಕು.

“ಮತ್ತ ಸ್ಕ್ರೀನ್ರಿ?” ಎಂದಳು ಹುಡುಗಿ.

“ನಿಂಗ್ಯಾಕೆ ಅದು?”

“ಅದಕ್ಕs ಕೇಳಿದೆ. ನನಗ ಕನ್ನಡಿ ಹ್ಯಾಂಗಿದ್ರೂ ಅಷ್ಟs. ಕನ್ನಡಿ ಇಲ್ಲದ್ದು ಮಾರ್ತಾರೇನು ಕೇಳ್ರಿ, ಸಸ್ತಾ ಆಗ್ತದ.”

ಇಬ್ಬರೂ ನಕ್ಕೆವು. ಅವಳು ತಮಾಷೆಗೆ ಹೇಳಿದ್ದಳು. ನನ್ನ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿತು.

ಅಫಜಲಪುರದಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವವರಿದ್ದಾರೆಂದು ಕೇಳಿ ಒಂದು ಭಾನುವಾರ ನಾನೊಬ್ಬಳೇ ಹೋದೆ. ಯಾವುದೋ ಆಫೀಸಿನಲ್ಲಿ ದುಡಿದು ಬಂದ ದಪ್ಪನೆಯ ಯಂತ್ರ ಸಿಕ್ಕಿತು. ಕೀಲಿಗಳು ಬೆಣ್ಣೆಯಂತಿದ್ದವು. ದನಿಯಲ್ಲೂ ತಡವಿರಲಿಲ್ಲ. ಖುಷಿಯಾಗಿ ಚಾರ್ಜರ್ ತೆಗೆದೆ, ತಕ್ಷಣ ಸತ್ತುಹೋಯಿತು. ಬ್ಯಾಟರಿ ಹೆಸರಿಗೆ ಮಾತ್ರ ಇತ್ತು. ಇಯರ್‌ಫೋನ್ ಹಾಕಿದರೆ ಒಂದು ಕಿವಿಗೆ ಮಾತ್ರ ಕೇಳುತ್ತಿತ್ತು, ತಂತಿ ಅಲುಗಿಸಿದರೆ ಅದೂ ಇಲ್ಲ. “ಯಾವಾಗ್ಲೂ ವಯರ್ ಹಚ್ಚೇ ಇಡ್ರಿ, ಏನ್ ಆಗಂಗಿಲ್ಲ,” ಎಂದರು ಅಂಗಡಿಯವರು. ಸರಸಂಬಾದ ಕರೆಂಟಿನ ವಿಷಯ ಅವರಿಗೆ ಏನು ಗೊತ್ತು! ಬರಿಗೈಯಲ್ಲಿ ಬಸ್ಸು ಹತ್ತಿದೆ. ಅಷ್ಟರಲ್ಲಿ ಪರೀಕ್ಷೆಯ ಧ್ವನಿಮುದ್ರಣಗಳು ಅವಳ ಫೋನಿಗೆ ಬಂದಾಗಿತ್ತು. ದಿನಗಳು ಓಡುತ್ತಿದ್ದವು, ನನಗೆ ಕೈಕೈ ಹಿಸುಕಿಕೊಳ್ಳುವಂತಾಗಿತ್ತು.

ಮುಂದಿನ ವಾರ ಜೇವರ್ಗಿಯಲ್ಲಿ ನಮಗೆ ಶಿಕ್ಷಕರಿಗೊಂದು ತರಬೇತಿ. ಊಟದ ಬಿಡುವಿನಲ್ಲಿ ಬಸ್ ನಿಲ್ದಾಣದ ಬಳಿಯ ರಿಪೇರಿ ಅಂಗಡಿಗೆ ಹೋದೆ. ರಿಪೇರಿಯವರು ಕಪಾಟಿನಿಂದ ಒಂದು ಲ್ಯಾಪ್‌ಟಾಪ್ ತೆಗೆದು, ನಾಚಿಕೆಯಿಂದ ಎಂಬಂತೆ ಮುಚ್ಚಳ ಎತ್ತಿದರು. ಯಾರದೋ ಕೈಯಿಂದ ಜಾರಿ ಬಿದ್ದದ್ದು. ಪರದೆ ಮೂಲೆಯಿಂದ ಮೂಲೆಗೆ ಸೀಳಿ ಜೇಡರ ಬಲೆಯಾಗಿತ್ತು.

“ಒಳಗ ಎಲ್ಲಾ ಚೊಲೋ ಅದರಿ. ರ್‍ಯಾಮ್ ಡಬಲ್ ಅದ, ಎಸ್‌ಎಸ್‌ಡಿ ಅದ, ಬ್ಯಾಟರಿ ಹೊಸಾದು. ಸ್ಕ್ರೀನ್ ಹಾಕಿಸಿದ್ರ ತುಟ್ಟಿ ಆಗ್ತದ, ಅದಕ್ಕs ಯಾರೂ ಒಯ್ಯವಲ್ರು. ಸಂಜೀಕ ಇದನ್ನ ಬಿಚ್ಚಿ ಪಾರ್ಟ್ ಮಾರಬೇಕಂತ ಮಾಡೇನಿ.”

ಅವರ ದೊಡ್ಡ ಮಾನಿಟರಿಗೆ ಅದನ್ನು ಜೋಡಿಸಿ, ಪೆನ್‌ಡ್ರೈವ್ ಹಾಕಿ, ಕಣ್ಣು ಮುಚ್ಚಿ ಟೈಪ್ ಮಾಡಿದೆ. ಬೆರಳು ಏಳುವುದರೊಳಗೆ ಅಕ್ಷರ ಕಿವಿಗೆ ಬಂತು. ಎರಡೂ ಕಿವಿಗೆ ಸ್ಪಷ್ಟ. ಚಾರ್ಜರ್ ಕಿತ್ತರೂ ಮಾತು ನಿಲ್ಲಲಿಲ್ಲ. ಬೆಲೆ ಹುಡುಗಿಯ ದುಡ್ಡಿನೊಳಗೇ ಇತ್ತು. ಅವಳಿಗೆ ಬೇಡವಾದದ್ದೊಂದನ್ನು ಬಿಟ್ಟು ಬೇಕಾದದ್ದೆಲ್ಲ ಅದರಲ್ಲಿತ್ತು!

ಕೊಳ್ಳುವ ಮೊದಲು ಅವಳಿಗೆ ಫೋನ್ ಮಾಡಿದೆ. ಎತ್ತಿದ್ದು ಅವ್ವ. “ಆಕಿ ತಲಿ ಎರಕೊಳ್ಳಾಕತ್ತಾಳ್ರಿ. ಏನ್ ಹೇಳ್ಲಿ?”

“ಅಕ್ಕ, ಒಳ್ಳೆ ಲ್ಯಾಪ್‌ಟಾಪ್ ಸಿಕ್ಕಿದೆ. ಸ್ಕ್ರೀನ್ ವಿಷಯ ಒಂದಿದೆ, ಅದನ್ನ ಅವಳಿಗೆ...” ಎನ್ನುವಷ್ಟರಲ್ಲಿ ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು.

“ಕನ್ನಡಿ ಹೆಚ್ಚ್ಯದೇನ್ರಿ? ಹೆಚ್ಚಿದ್ದು ಬ್ಯಾಡ್ರಿ ಮೇಡಮ್ರ.”

ಕನ್ನಡಿ ಎಂದರೆ ಇಲ್ಲಿ ಪರದೆ ಎಂದು ನನಗೆ ಗೊತ್ತಿತ್ತು. ಅಗತ್ಯಕ್ಕಿಂತ ದೊಡ್ಡ ಪರದೆ ಬೇಡ ಎನ್ನುತ್ತಿದ್ದಾರೆ, ಬೆಲೆ ಜಾಸ್ತಿಯಾದೀತೆಂಬ ಭಯ ಇರಬೇಕು ಎಂದುಕೊಂಡೆ.

“ಇಲ್ಲ ಅಕ್ಕ, ಏನೂ ಹೆಚ್ಚಿಲ್ಲ. ಎಲ್ಲರದ್ದೂ ಇರೋಷ್ಟೇ ಇದೆ.”

“ಖರೇ ಹೆಚ್ಚಿಲ್ಲಲ್ರಿ?”

“ಖಂಡಿತಾ ಹೆಚ್ಚಿಲ್ಲ.”

“ಹಂಗಾದ್ರ ತರ್ರಿ ಯವ್ವಾ. ಭಾಳ ಪುಣ್ಯಾ ಬರ್ತದ ನಿಮಗ.”

ಒಡೆದ ಪರದೆಯ ಮಾತನ್ನು ಹುಡುಗಿಗೆ ಆಮೇಲೆ ಹೇಳಿದರಾಯಿತು, ಅವಳೇ ಅಲ್ಲವೆ ಕನ್ನಡಿ ಇಲ್ಲದ್ದು ಹುಡುಕಿ ಎಂದವಳು ಎಂದುಕೊಂಡು, ಅವಳು ನನ್ನ ಕೈಯಲ್ಲಿಟ್ಟಿದ್ದ ದುಡ್ಡು ಎಣಿಸಿ ಕೊಟ್ಟೆ. ತರಬೇತಿ ಮುಗಿದ ಮೇಲೆ ಮತ್ತೆ ಅಂಗಡಿಗೆ ಬಂದು ರಿಪೇರಿಯವರ ಜೊತೆ ಕೂತೆ. ಸ್ಕ್ರೀನ್ ರೀಡರ್, ಕನ್ನಡದ ದನಿ, ಅವಳಿಗೆ ರೂಢಿಯಿದ್ದ ಕನ್ನಡ ಕೀಲಿಮಣೆ ಎಲ್ಲ ಹಾಕಿದೆವು. ಶುರುವಾದ ಕೂಡಲೇ ತಾನಾಗಿಯೇ ಮಾತಾಡುವ ಹಾಗೆ ಮಾಡಿದೆವು. ರಿಪೇರಿಯವರು ಒಂದೇ ಎಚ್ಚರಿಕೆ ಹೇಳಿದರು: “ವಿಂಡೋಸ್ ಚಾಲೂ ಆಗೂಕಿಂತ ಮೊದಲ ಏನರೆ ತಕರಾರ್ ಬಂದ್ರ ಇದು ಮಾತಾಡಂಗಿಲ್ರಿ. ಆವಾಗ ಕಣ್ಣಿಲೇನs ನೋಡಬೇಕಾಗ್ತದ.” ನಾನು ತಲೆಯಾಡಿಸಿದೆ. ಅಂಥದ್ದು ಎಷ್ಟು ಸಲ ಬಂದೀತು?

ಮರುದಿನ ಶಾಲೆ ಮುಗಿಸಿ ಸರಸಂಬಾಕ್ಕೆ ಹೋದೆ. ಅವ್ವ ಹೊರಗಿನ ಕಟ್ಟೆಯ ಮೇಲೆ ಕುಂಕುಮದ ಬಟ್ಟಲು ತಂದಿಟ್ಟಿದ್ದರು. ಹೊಸ ವಸ್ತು, ಪೂಜೆ ಮಾಡಿ ಒಳಗೆ ಒಯ್ಯಬೇಕು. ನನಗೆ ಚಹಾ ಕೊಟ್ಟು, ಕೈ ಒರೆಸಿಕೊಂಡು, ತಾವೇ ಮುಚ್ಚಳ ಎತ್ತಿದರು.

ಎತ್ತಿದವರು ಹಾಗೇ ನಿಂತರು.

“ಹೆಚ್ಚಿಲ್ಲ ಅಂದ್ರಿ.”

“ಹೆಚ್ಚಿಲ್ವಲ್ಲ ಅಕ್ಕ, ಸಾಧಾರಣ ಅಳತೇದೇ.”

“ಅಳತಿ ಯಾರ್ ಕೇಳಿದ್ರಿ? ಎರಡೆರಡ ಸಲ ಕೇಳೇನಿ. ಎರಡೂ ಸಲ ಹೆಚ್ಚಿಲ್ಲ ಅಂದ್ರಿ!”

ನಾನು ಕಕ್ಕಾಬಿಕ್ಕಿಯಾಗಿ ಹುಡುಗಿಯ ಕಡೆ ನೋಡಿದೆ. ಅವಳು ಮುಂದೆ ಬಂದು ಪರದೆಯನ್ನು ಮೆಲ್ಲಗೆ ಸವರಿದಳು. ಬೆರಳಿಗೆ ಸೀಳು ತಾಗಿತು. “ಮೇಡಮ್ರ,” ಎಂದಳು ಸಣ್ಣ ದನಿಯಲ್ಲಿ, “ನಮ್ಮಲ್ಲಿ ಹೆಣ್ಮಕ್ಕಳು ಬಳಿ ಒಡೀತು ಅನ್ನಂಗಿಲ್ರಿ. ಹೆಚ್ಚಿತು ಅಂತಾರ. ಅವ್ವ ಕನ್ನಡಿಗೂ ಹಂಗs ಅಂತಾಳ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಕಡೆಯೂ ದೀಪ ಆರಿಸು ಎನ್ನುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತೇವೆ. ಕೆಟ್ಟದ್ದನ್ನು ಒಳ್ಳೆಯ ಮಾತಿನಲ್ಲಿ ಮುಚ್ಚುವ ಈ ಪದ್ಧತಿ ಗೊತ್ತಿದ್ದವಳಿಗೇ ಅವತ್ತು ಹೊಳೆಯಲಿಲ್ಲ. ಅವ್ವನಿಗೆ ಕ್ಷಮೆ ಕೇಳಿದೆ. ನಾನು ಕೇಳಿಸಿಕೊಂಡದ್ದು ಬೇರೆ ಎಂದು ವಿವರಿಸಿದೆ. ಈ ಯಂತ್ರವೇ ಯಾಕೆ ಒಳ್ಳೆಯದೆಂದು ರ್‍ಯಾಮಿನಿಂದ ಹಿಡಿದು ಬ್ಯಾಟರಿಯವರೆಗೆ ಹೇಳಿದೆ. ಅವರು ಕೇಳುತ್ತಲೇ ಮುಚ್ಚಳ ಮುಚ್ಚಿದರು.

“ಕನ್ನಡಿ ಹೆಚ್ಚಿದ್ದು ಮನ್ಯಾಗ ಇಡಬಾರದು ಅಂತಾರ. ಅದು ಒಂದ ಮಾತು, ಬಿಡ್ರಿ,” ಎಂದರು ಕೊನೆಗೆ. “ಇನ್ನೊಂದ ಮಾತು ಕೇಳ್ರಿ. ಕಣ್ಣು ಹೋದಾಗಿಂದ ಎಲ್ಲಾರೂ ಈಕೀಗಿ ಹರಿದದ್ದು, ಮುರದದ್ದು ಕೊಡ್ತಾರ. ಕಾಣಂಗಿಲ್ಲಲ್ಲ, ನಡೀತದ ಅಂತಾರ. ಈಕೀಗಿ ಸೀರಿ ತರೂ ಮುಂದ ನಾ ಬಣ್ಣ ನೋಡಿ ತರ್ತೇನಿ. ಬಳಿ ಸೀರಿಗಿ ಹೊಂದಿಸಿ ಇಡಸ್ತೇನಿ. ಆಕಿ ಕಾಣಂಗಿಲ್ಲ ಅಂತ ನಾ ಒಂದಿನಾನೂ ಹಂಗ ಮಾಡಿಲ್ಲ. ನೀವು ಕಲಿಸಿದವರು. ನೀವೂ ಹಂಗs ತಿಳಕೊಂಡ್ರೇನ್ರಿ?”

ಹುಡುಗಿಯ ಕೈಯಲ್ಲಿ ಹಸಿರು ಬಳೆಗಳಿದ್ದವು, ತೊಟ್ಟ ಚೂಡಿದಾರಕ್ಕೆ ಅದೇ ಹಸಿರು ಅಂಚು. ಇಷ್ಟು ವರ್ಷ ನೋಡಿದ್ದೆ, ಗಮನಿಸಿರಲಿಲ್ಲ.

“ಯವ್ವಾ, ರೊಕ್ಕ ನಂದು, ಕಿವಿ ನಂದು. ನನಗ ಇದs ಬೇಕು,” ಎಂದಳು ಹುಡುಗಿ.

“ಮನೀ ನಂದು. ಹೊಸ್ತಿಲ ಒಳಗ ತರಬ್ಯಾಡ.”

“ಹಣಿ ತುಂಬ ವಿಭೂತಿ ಹಚ್ಚಿಕೊಂಡು ಶಕುನ ನೋಡ್ತೀ ಏನ್ ಬೇ? ಶರಣರು ಶಕುನ ನೋಡಬ್ಯಾಡ್ರಿ ಅಂದಾರ.”

“ಶಕುನ ಅಲ್ಲ. ಮರ್ಯಾದಿ.”

ವಾಪಸು ಕೊಡಲು ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ತೆಗೆದುಕೊಳ್ಳಲು ಒಪ್ಪಲಿಲ್ಲ. ಹೊಸ ಪರದೆಗೆ ಹುಡುಗಿಯ ಬಳಿ ಉಳಿದದ್ದು ಸಾಲದು. ನಾನು ಕೊಡುತ್ತೇನೆ ಎಂದೆ, ಅವ್ವ ಮತ್ತು ಮಗಳು ಇಬ್ಬರೂ ಒಟ್ಟಿಗೆ ಬೇಡ ಎಂದರು. ಅದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಹುಡುಗಿ ಮನೆಯ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಕಿಟಕಿಯಿಂದ ವಯರ್ ಎಳೆದುಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಎರಡು ಕಿವಿಗೆ ಎರಡು ಇಯರ್‌ಫೋನ್ ಸಿಕ್ಕಿಸಿ ಕೆಲಸ ಶುರುಮಾಡಿಯೇ ಬಿಟ್ಟಳು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಒಡೆದ, ಕತ್ತಲೆಯ ಪರದೆಯ ಮುಂದೆ ಕುರುಡು ಹುಡುಗಿಯೊಬ್ಬಳು ಪಟಪಟ ಬಡಿಯುತ್ತಿದ್ದರೆ ಯಾರು ತಾನೇ ನಿಲ್ಲುವುದಿಲ್ಲ? “ಅಯ್ಯ ಪಾಪ, ಆಟಗಿ ಸಾಮಾನೇನು?” ಎಂದು ಒಬ್ಬರು ಅವ್ವನನ್ನೇ ಕೇಳಿದರಂತೆ. ಅವ್ವ ಅವತ್ತು ರಾತ್ರಿ ಉಣ್ಣಲಿಲ್ಲ ಎಂದು ಹುಡುಗಿ ನನಗೆ ಫೋನಿನಲ್ಲಿ ಹೇಳಿದಳು. ಅವಳ ದನಿಯೂ ಸೋತಿತ್ತು. ನನಗೆ ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ನೋಡಲು ಹೋದೆ. ಹುಡುಗಿ ಕಟ್ಟೆಯ ಮೇಲೆ ಒಂದು ಮಾತಿಗೆ ಸಿಕ್ಕಿಬಿದ್ದಿದ್ದಳು. ಧ್ವನಿಮುದ್ರಣದಲ್ಲಿ ಅಫಜಲಪುರ ಕಡೆಯ ಅಜ್ಜನೊಬ್ಬ ಹಿಂದಿನ ಕಾಲದ ರಾಶಿಯ, ಅಂದರೆ ಕಣದಲ್ಲಿ ತೆನೆ ಒಕ್ಕುವ, ವಿಷಯ ಹೇಳುತ್ತಿದ್ದ. ಹಲ್ಲಿಲ್ಲದ ಬಾಯಿ, ಗಾಳಿಯ ಸದ್ದು ಬೇರೆ. ಅವಳು ಇಯರ್‌ಫೋನ್ ಕಿತ್ತು ಫೋನನ್ನು ದೊಡ್ಡ ದನಿಯಲ್ಲಿ ಹಚ್ಚಿ, ಅದನ್ನೇ ಮತ್ತೆ ಮತ್ತೆ ಕೇಳಿಸಿದಳು.

“ಕಣದಾಗ ಭೇಟಿ ನೆಟ್ಟು ಅಂತಾನ್ರಿ. ಭೇಟಿ ಹ್ಯಾಂಗ ನೆಡ್ತಾರ?”

ನನಗೂ ಭೇಟಿ ಎಂದೇ ಕೇಳಿಸಿತು. ಬರೆದುಬಿಡು ಎಂದೆ. ಒಳಗಿನಿಂದ ಅವ್ವ ಗದರಿದರು.

“ಭೇಟಿ ಅಲ್ಲ, ಮೇಟಿ! ಕಣದ ನಡುವ ನೆಡೂ ಕಂಬಕ್ಕ ಮೇಟಿ ಅಂತಾರ. ಅದರ ಸುತ್ತ ಎತ್ತು ತಿರಗಸ್ತಾರ.”

ಹುಡುಗಿ ಅದನ್ನು ಟೈಪ್ ಮಾಡಿದಳು. ಆಮೇಲೆ, “ಮತ್ತ ಇದೇನ್ ಬೇ?” ಎಂದು ಮುಂದಿನ ಸಾಲು ಹಚ್ಚಿದಳು. ಅವ್ವ ಹೊಸ್ತಿಲವರೆಗೆ ಬಂದರು. ಆಮೇಲೆ ಕಟ್ಟೆಯ ತುದಿಗೆ ಬಂದು ಕೂತರು, ಪರದೆಯ ಕಡೆ ಬೆನ್ನು ಮಾಡಿಕೊಂಡು. ಅಜ್ಜನ ಮಾತಿಗೆ ಒಮ್ಮೆ ನಕ್ಕೂಬಿಟ್ಟರು. ಸಂಜೆ ಗಾಳಿ ಎದ್ದು ಧೂಳು ಬರತೊಡಗಿದಾಗ ಒಳಗೆ ಹೋಗಿ ರವಿಕೆ ಹೊಲಿಸಲೆಂದು ಇಟ್ಟಿದ್ದ ಹೊಸ ಕುಬಸದ ಬಟ್ಟೆಯೊಂದನ್ನು ತಂದು, ಒಡೆದ ಪರದೆಯ ಮೇಲೆ ಹೊದಿಸಿ ಹಿಂದೆ ಗಂಟು ಹಾಕಿದರು. “ಧೂಳಾಗ ಕುಂದರಬ್ಯಾಡ, ಒಳಗ ನಡಿ,” ಎಂದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅಷ್ಟಾದರೂ ಆಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಕೆಲಸ ಚೆನ್ನಾಗಿಯೇ ಸಾಗಿತು. ಆದರೆ ಕಂತು ಕಳಿಸಬೇಕಾದ ದಿನ ಬೆಳಿಗ್ಗೆ ಅವಳ ಫೋನ್ ಬಂತು.

“ಮೇಡಮ್ರ, ಅದು ಮಾತಾಡವಲ್ದರಿ.”

ರಾತ್ರಿಯೆಲ್ಲ ಕರೆಂಟು ಇರಲಿಲ್ಲವಂತೆ. ಯಂತ್ರ ತನ್ನಷ್ಟಕ್ಕೇ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗ ಬ್ಯಾಟರಿ ಮುಗಿದಿದೆ. ಬೆಳಿಗ್ಗೆ ಚಾರ್ಜಿಗೆ ಹಾಕಿ ಶುರುಮಾಡಿದರೆ ಫ್ಯಾನ್ ತಿರುಗುವುದು ಅಂಗೈಗೆ ತಿಳಿಯುತ್ತದೆ, ದನಿ ಇಲ್ಲ. ಅರ್ಧ ಕೆಲಸವನ್ನು ಫೋನಿಗೆ ಹಾಕಿಟ್ಟಿದ್ದಳು, ಉಳಿದರ್ಧ ಒಳಗೇ ಇತ್ತು. ಸಂಜೆಯೊಳಗೆ ಹೋಗಬೇಕು. ಆ ಕೀಲಿ ಒತ್ತು, ಈ ಕೀಲಿ ಒತ್ತು ಎಂದು ನಾನು ಫೋನಿನಲ್ಲೇ ಹೇಳಿದೆ. ಏನೂ ಇಲ್ಲ.

“ಅವ್ವನ್ನ ನೋಡೋಕೆ ಹೇಳು. ಪರದೆ ಮೇಲೆ ಏನು ಬಂದಿದೆ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

“ಏನ್ ನೋಡ್ತಾಳ್ರಿ? ಕನ್ನಡಿ ಎಲ್ಲದ?”

ರಿಪೇರಿಯವರ ಎಚ್ಚರಿಕೆ ಆಗ ನೆನಪಾಯಿತು. ಮುಖ್ಯ ಗುರುಗಳಿಗೆ ಹೇಳಿ, ಶಾಲೆಯ ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಬಿಚ್ಚಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ತಡ. ಕಾಯುತ್ತ ನಿಂತಾಗ ನನ್ನನ್ನು ನಾನೇ ಬೈದುಕೊಂಡೆ, ಬಸ್ಸನ್ನೂ ಬೈದೆ. ಹೊಸದನ್ನೇ ಕೊಂಡಿದ್ದರೆ ತೊದಲಿಯಾದರೂ ಮಾತಾಡುತ್ತಿತ್ತು. ಈ ಕೆಲಸ ಕೈತಪ್ಪಿದರೆ ಹುಡುಗಿ ಮತ್ತೆ ಅದೇ ಗೋಡೆಗಳ ನಡುವೆ, ಅದಕ್ಕೆ ಕಾರಣ ನನ್ನ ಜಾಣತನ.

ಪಕ್ಕದ ಮನೆಯವರ ಹತ್ತಿರ ಗೋಡೆಗೆ ಹಾಕುವ ಟಿವಿ ಇತ್ತು, ಅದಕ್ಕೇ ಜೋಡಿಸಿ ನೋಡೋಣ ಎಂದು ದಾರಿಯಿಂದ ಫೋನ್ ಮಾಡಿದ್ದೆ. ನಾನು ಹೋಗುವಷ್ಟರಲ್ಲಿ ಅವ್ವ ಲ್ಯಾಪ್‌ಟಾಪನ್ನು ಕುಬಸದ ಬಟ್ಟೆಯ ಸಮೇತ ಎದೆಗವಚಿಕೊಂಡು ಆ ಟಿವಿಯ ಮುಂದೆ ನಿಂತಿದ್ದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಕೇಬಲ್ ಹಾಕಿದೆ. ಟಿವಿಯಲ್ಲಿ ಸಿಗ್ನಲ್ ಇಲ್ಲ ಎಂದು ಬಂತು. ರಿಮೋಟಿನಲ್ಲಿ ಒತ್ತಬೇಕಾದ ಗುಂಡಿ ಸವೆದುಹೋಗಿತ್ತು. ಮನೆಯಾಕೆ ಟಿವಿಯ ಹಿಂದೆ ಕೈಹಾಕಿ ಏನೋ ಒತ್ತಿದರು. ನೀಲಿ ಬಣ್ಣ ಬಂತು, ಅದರ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕರೆಂಟು ಹೋಗಿ ನಿಂತ ಯಂತ್ರ, ಮುಂದುವರಿಯಲೋ ರಿಪೇರಿ ಮಾಡಲೋ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿತ್ತು. ‘ಮುಂದುವರಿಸು’ ಎಂಬುದರ ಮೇಲೆ ಬಂದು ಎಂಟರ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಯಂತ್ರ ತನ್ನ ಸಪ್ಪೆ ದನಿಯಲ್ಲಿ “ಡೆಸ್ಕ್‌ಟಾಪ್” ಎಂದಿತು. ಹುಡುಗಿ ಗೋಡೆ ಬಿಟ್ಟು ಎದ್ದು ಬಂದು, ಫೈಲು ತೆರೆದು, ಕೊನೆಯ ಸಾಲಿನವರೆಗೂ ಕೇಳಿಸಿಕೊಂಡಳು. ಎಲ್ಲ ಇತ್ತು. ಅವಳು ಅತ್ತುಬಿಟ್ಟಳು.

ಅವ್ವ ಟಿವಿಯನ್ನೇ ನೋಡುತ್ತಿದ್ದರು. “ಇಷ್ಟs ಏನ್ರಿ? ಒಂದ ಗುಂಡಿ ಒತ್ತೋದಿತ್ತೇನ್ರಿ?”

“ಇಷ್ಟೇ ಅಕ್ಕ.”

“ಕನ್ನಡಿ ಬರೋಬರಿ ಇದ್ರ ಮುಂಜಾನೆನs ನಾ ಫೋಟೋ ತಗದು ನಿಮಗ ಕಳಸ್ತಿದ್ದೆ. ನೀವು ಅಲ್ಲಿಂದs ಹೇಳ್ತಿದ್ರಿ.” ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಆಕೀಗಿ ಕಾಣಂಗಿಲ್ಲ ಅಂತ ಲೆಕ್ಕಾ ಹಾಕಿದ್ರಿ ಮೇಡಮ್ರ. ಆಕಿ ಜೋಡಿ ನಾವೂ ಅದೀವಲ್ರಿ.”

ಆ ದುಡ್ಡಿಗೆ ಅವಳ ಕೆಲಸಕ್ಕೆ ತಕ್ಕ ಯಂತ್ರ ಬೇರೆ ಇರಲಿಲ್ಲ, ಇವತ್ತಿಗೂ ಹಾಗೆಂದು ಯಾರ ಮುಂದೆಯೂ ವಾದಿಸಬಲ್ಲೆ. ಆದರೆ ಅವಳಿಗೇನು ಬೇಕೆಂದು ಬೆರಳು ಮಡಿಚಿ ಎಣಿಸುವಾಗ ನಾನು ಅವಳೊಬ್ಬಳನ್ನೇ ಎಣಿಸಿದ್ದೆ.

ಕಂತು ಅವತ್ತೇ ಹೋಯಿತು. ಒಂದು ವಾರ ಯಾವ ಸುದ್ದಿಯೂ ಇಲ್ಲ, ಆ ವಾರ ನಾನು ಸರಸಂಬಾದ ಕಡೆ ತಲೆ ಹಾಕಲಿಲ್ಲ. ಆಮೇಲೆ ಸಂಸ್ಥೆಯಿಂದ ಮುಂದಿನ ಧ್ವನಿಮುದ್ರಣಗಳು ಬಂದವು, ಕೆಲಸ ಕಾಯಂ ಎಂಬ ಮಾತಿನೊಂದಿಗೆ.

ಮೊದಲ ಪಗಾರ ಬಂದಾಗ ಹುಡುಗಿ ನನಗೆ ಫೋನ್ ಮಾಡಿ ಜೇವರ್ಗಿಗೆ ಹೋಗಬೇಕೆಂದಳು. “ಸ್ಕ್ರೀನ್ ಹಾಕಸ್ತೇನ್ರಿ.”

“ಇನ್ನೊಂದು ಬ್ಯಾಟರಿ ತಗೋ, ಇಲ್ಲಾ ಒಳ್ಳೆ ಇಯರ್‌ಫೋನ್ ತಗೋ. ಮೊದಲು ನಿನಗೆ ಬೇಕಾದ್ದು ನೋಡು.”

“ನನಗs ಬೇಕಾಗೇದರಿ,” ಎಂದಳು.

ರಿಪೇರಿಯವರ ಅಂಗಡಿಗೆ ಮೂವರೂ ಹೋದೆವು. ಯಾವ ನಮೂನೆಯದು ಹಾಕಲಿ ಎಂದು ಅವರು ಕೇಳಿದಾಗ ಅವ್ವ ನನ್ನ ಮುಖ ನೋಡಿ, “ಹೆಚ್ಚಿದ್ದು ಬ್ಯಾಡಂತ ಹೇಳ್ರಿ,” ಎಂದು, ಲ್ಯಾಪ್‌ಟಾಪ್ ತಂದಂದಿನಿಂದ ಮೊದಲ ಸಲ ನನ್ನ ಜೊತೆ ನಕ್ಕರು. ನಾನು ಪರದೆಯ ನಾಲ್ಕೂ ಮೂಲೆ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದೆ.

ಆಮೇಲೊಂದು ಸಂಜೆ ಅವರ ಮನೆಗೆ ಹೋಗಿದ್ದೆ. ಹುಡುಗಿ ಒಳಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬ್ಯಾಟರಿ ಉಳಿಯಲೆಂದು ಪರದೆಯ ಬೆಳಕನ್ನು ಪೂರ್ತಿ ಆರಿಸಿಡುವುದು ಅವಳ ಅಭ್ಯಾಸ. ಅವ್ವ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈ ತೊಳೆದುಕೊಂಡು ಬಂದು ಮಗಳ ಪಕ್ಕ ಕೂತರು. ನಾಲ್ಕನೆಯ ಇಯತ್ತೆ ಓದಿದವರು, ಅಕ್ಷರ ಕೂಡಿಸಿಕೊಂಡು ಓದುತ್ತಾರೆ. “ಮೇಟಿ ಬರ್ದಿದ್ದು ತೋರ್ಸ ಬೇ,” ಎಂದರು. ಹುಡುಗಿ ಆ ಹಳೆಯ ಫೈಲನ್ನು ಹುಡುಕಿ ತೆರೆದಳು. ಕೀಲಿಮಣೆಯ ಮೇಲಿನ ಸಾಲಿಗೆ ಬೆರಳು ಚಾಚಿ ಬೆಳಕನ್ನು ಒಂದೊಂದೇ ಹಂತ ಏರಿಸತೊಡಗಿದಳು. ಪ್ರತಿ ಹಂತಕ್ಕೂ ಅವ್ವನ ಕಡೆ ಕಿವಿ ತಿರುಗಿಸಿ ಕೇಳುತ್ತಿದ್ದಳು.

“ಈಗ ಕಾಣಾಕತ್ತದೇನ್ ಬೇ?”

“ಇಲ್ಲ, ಇನ್ನಾ ಜರಾ.”

“ಈಗ?”

“ಹಾಂ, ಈಗ ಕಾಣಾಕತ್ತದ,” ಎಂದರು ಅವ್ವ.